ಮರು: ಅಕೌಂಟಬಿಲಿಟಿಗೆ ಏನು ಪದ? ಬ್ಯಾನರ್ ಇವತ್ತೇ ಪ್ರಿಂಟಿಗೆ ಹೋಗಬೇಕು

> ಚರ್ಚಿನ ಕೂಟಕ್ಕೆ ಬ್ಯಾನರ್. ವಿಷಯ: ದೇವರ ಮುಂದೆ ನಮ್ಮ ಅಕೌಂಟಬಿಲಿಟಿ. ವಚನ ರೋಮಾ 14:12. ‘ಉತ್ತರದಾಯಿತ್ವ’ ಅಂತ ಹಾಕಿದರೆ ಆಗುತ್ತಾ? ಸಂಜೆಯೊಳಗೆ ಹೇಳಿ.

>> ಉತ್ತರದಾಯಿತ್ವ ಹಿಂದಿಯವರ ಪದ. ಹೊಣೆಗಾರಿಕೆ ಅಚ್ಚಗನ್ನಡ. ಮುಗಿಯಿತು.

ಮುಗಿದಿಲ್ಲ.

ಬ್ಯಾನರಿಗೆ ಇಷ್ಟು ಸಾಕು: “ನಮ್ಮಲ್ಲಿ ಪ್ರತಿಯೊಬ್ಬರೂ ದೇವರಿಗೆ ಲೆಕ್ಕ ಒಪ್ಪಿಸಬೇಕು.” ನಾಮಪದವೇ ಬೇಕು ಅಂತ ಹಟ ಹಿಡಿಯಬೇಡಿ. ರೋಮಿನ ಸಭೆಗೆ ಆ ಪತ್ರ ಬರೆದ ಪೌಲನೂ ಅಲ್ಲಿ ಭಾವನಾಮ ಹುಡುಕಿಲ್ಲ, ಲೋಗೋಸ್ ಕೊಡಬೇಕು ಅಂತ ಗ್ರೀಕಿನಲ್ಲಿ ಬರೆದಿದ್ದಾನೆ. ಯೋಹಾನನ ಸುವಾರ್ತೆಯ ಮೊದಲ ಸಾಲಲ್ಲಿ ನಾವು ‘ವಾಕ್ಯ’ ಅಂತ ಓದುತ್ತೇವಲ್ಲ, ಅದೇ ಲೋಗೋಸ್. ಗ್ರೀಕರ ವ್ಯವಹಾರದ ಮಾತಿನಲ್ಲಿ ಅದಕ್ಕೆ ಲೆಕ್ಕ ಅನ್ನುವ ಅರ್ಥವೂ ಇತ್ತು. ಲೂಕ 16ರಲ್ಲಿ ಧಣಿ ತನ್ನ ಆಸ್ತಿ ನೋಡಿಕೊಳ್ಳುವ ಮನೆವಾರ್ತೆಯವನನ್ನು ಕರೆದು ಕೇಳುವುದು ಇದನ್ನೇ. ಕೆಲಸ ಹೋಗುತ್ತೆ ಅಂತ ಗೊತ್ತಾದ ಕೂಡಲೇ ಅವನು ಸಾಲಗಾರರನ್ನು ಕೂರಿಸಿಕೊಂಡು ಪತ್ರ ತಿದ್ದಿಸುತ್ತಾನೆ. 100 ಅಳತೆ ಎಣ್ಣೆ ಇದ್ದಲ್ಲಿ 50, 100 ಅಳತೆ ಗೋಧಿ ಇದ್ದಲ್ಲಿ 80. ಮತ್ತಾಯ 25ರಲ್ಲಿ ಧಣಿ ಒಪ್ಪಿಸಿಹೋದ ತಲಾಂತು, ಅಂದರೆ ಹಣ, ಹೂತಿಟ್ಟವನಂತೂ ಒಂದು ಕಾಸೂ ಕದ್ದಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೇ ವಾಪಸ್ ಕೊಟ್ಟ. ಆದರೂ ಲೆಕ್ಕದಲ್ಲಿ ಸೋತ. ಈ ಕಥೆಗಳೆಲ್ಲ ಕಿವಿಯಲ್ಲಿರುವ ಸಭೆಗೆ ‘ಉತ್ತರದಾಯಿತ್ವ’ ಸರ್ಕಾರಿ ಸುತ್ತೋಲೆಯ ಹಾಗೆ ಕೇಳಿಸುತ್ತದೆ.

ಇನ್ನು ಹೊಣೆ. ಅಚ್ಚಗನ್ನಡ ನಿಜ, ಆದರೆ ಅದರ ಹಳೇ ಅರ್ಥ ಜಾಮೀನು, ಇನ್ನೊಬ್ಬರ ಸಾಲಕ್ಕೆ ತಾನು ನಿಲ್ಲುವುದು. ಇಬ್ರಿಯರಿಗೆ ಬರೆದ ಪತ್ರದಲ್ಲಿ (7:22) ಉತ್ತಮವಾದ ಒಡಂಬಡಿಕೆಗೆ ಹಾಗೆ ಹೊಣೆ ನಿಂತವನು ಯೇಸು. ಲೆಕ್ಕ ಒಪ್ಪಿಸಬೇಕಾದವರು ನಾವು, ಹೊಣೆ ನಿಂತವನು ಕ್ರಿಸ್ತ. ಕ್ರೈಸ್ತ ನಂಬಿಕೆಯಲ್ಲಿ ತೀರ್ಪಿನ ಭಯವೂ ಧೈರ್ಯವೂ ಈ ಎರಡರ ನಡುವೆ ಇದೆ. ಇಬ್ಬರಿಗೂ ಒಂದೇ ಪದ ಹಚ್ಚಿದರೆ ಸಭೆಗೆ ಭಯವಷ್ಟೇ ಉಳಿಯುತ್ತದೆ. ಅಚ್ಚಗನ್ನಡ ಅನ್ನುವ ಒಂದೇ ಕಾರಣಕ್ಕೆ ಇಂಥದ್ದನ್ನು ಮಾಡಬಾರದು.

‘ಲೆಕ್ಕವೂ ತದ್ಭವ ತಾನೇ’ ಅಂತ ಬರೆಯಲು ಹೊರಟವರು ಸುಮ್ನೆ ಬರೆಯಬೇಡಿ, ಗೊತ್ತಿದೆ. ಸಂಸ್ಕೃತದ ಲಿಖ್ ಧಾತುವಿಗೇ ಹೋಗುತ್ತದೆ, ಬರೆದಿಟ್ಟದ್ದು ಅಂತ. ನನಗೆ ಅದು ಜಾಸ್ತಿ ಹಿಡಿಸುವುದೇ ಆ ಕಾರಣಕ್ಕೆ. ಪ್ರಕಟನೆ 20:12ರಲ್ಲಿ ಸಿಂಹಾಸನದ ಮುಂದೆ ಸತ್ತವರು ನಿಂತಿರುವಾಗ ಪುಸ್ತಕಗಳು ತೆರೆಯುತ್ತವೆ. ತೀರ್ಪು ಅವುಗಳಲ್ಲಿ ಬರೆದಿದ್ದರ ಪ್ರಕಾರ. ಕರ್ಮಫಲ ಅನ್ನಿ ಅಂತ ಇಲ್ಲೊಬ್ಬರು ಬರೆದಿದ್ದರು. ಆಗದು. ಇಲ್ಲಿ ಫಲ ತಾನಾಗಿ ಬರುವುದಿಲ್ಲ. ಕೇಳುವವನೊಬ್ಬನಿದ್ದಾನೆ.

>> ‘ನ್ಯಾಯತೀರ್ಪು’ ಅರಿಸಮಾಸ. ಮಿಷನರಿ ಕನ್ನಡ ನಮಗೆ ಪ್ರಮಾಣವಲ್ಲ.

ದೇವರ ಈ ತೀರ್ಪಿಗೆ ನಾವು ಹೇಳುವ ‘ನ್ಯಾಯತೀರ್ಪು’ ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ ಹೌದು. ತಲೆಮಾರುಗಳಿಂದ ಪ್ರಾರ್ಥನೆಯಲ್ಲಿ, ಮಣ್ಣು ಕೊಡುವಾಗ, ಜನರ ಬಾಯಲ್ಲಿ ಇರುವ ಪದವೂ ಹೌದು. ನ್ಯಾಯ ಸಂಸ್ಕೃತ, ತೀರ್ಪು ಕನ್ನಡದ ‘ತೀರ್’. ಸಾಲ ತೀರುತ್ತದೆ, ವ್ಯಾಜ್ಯ ತೀರುತ್ತದೆ, ಅದೇ ತೀರುವುದು. ಲೆಕ್ಕದ ಪಕ್ಕದಲ್ಲಿ ಇಡಲು ಇದಕ್ಕಿಂತ ಒಪ್ಪುವ ಪದ ಯಾವುದಿದೆ ಹೇಳಿ. ಮಿಷನರಿ ಕನ್ನಡ ಪ್ರಮಾಣವಲ್ಲ ಅನ್ನುವವರು ಮಿಷನರಿ ಕಿಟೆಲ್ ಮಾಡಿದ ಕನ್ನಡ-ಇಂಗ್ಲಿಷ್ ಕೋಶವನ್ನೂ ಮುಚ್ಚಿಡಬೇಕಾಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅದನ್ನು ಹೊರತಂದದ್ದು ಬಾಸೆಲ್ ಮಿಷನ್. ಹೊಣೆಯ ಹಳೇ ಅರ್ಥ ಹುಡುಕಲು ಈ ಚರ್ಚಾಬಳಗದಲ್ಲಿ ಎಲ್ಲರೂ ಮೊದಲು ತೆಗೆಯುವುದೂ ಅದನ್ನೇ ಅಲ್ವಾ?

ಕೇಳಿದವರಿಗೆ ಕೊನೆಗೊಂದು ಮಾತು. ಜಾಗ ಸಾಲದು ಅಂತ ‘ನಮ್ಮಲ್ಲಿ ಪ್ರತಿಯೊಬ್ಬರೂ’ ತೆಗೆಯಬೇಡಿ. ಮಾಂಸ ತಿನ್ನುವವರು, ಬರೀ ಸೊಪ್ಪು ತರಕಾರಿ ತಿನ್ನುವವರು ಅಂತ ರೋಮಿನ ವಿಶ್ವಾಸಿಗಳು ಒಬ್ಬರನ್ನೊಬ್ಬರು ಹೀಗಳೆಯುತ್ತಿದ್ದರು. ನಿನ್ನ ಸಹೋದರನಿಗೆ ನೀನು ತೀರ್ಪು ಮಾಡುವುದೇಕೆ ಅಂತ ಕೇಳಿಯೇ ಪೌಲ ಈ ಮಾತಿಗೆ ಬಂದದ್ದು. ಅಕ್ಷರ ಬೇಕಾದರೆ ಚಿಕ್ಕದು ಮಾಡಿಸಿ.