ಡಾಂಗಲ್ ನೆಟ್ ಇಡೀ ಮನೆಗೆ ಸಿಗಬೇಕು, ಮಾಡಿದವರು ಹೇಳಿ

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ:
ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿ ಹತ್ತಿರ ಮಾತ್ರ. ಅಲ್ಲೇ ಲ್ಯಾಪ್‌ಟಾಪ್ ಇಟ್ಟು ಸಿಮ್ ಇರುವ ಯುಎಸ್‌ಬಿ ಡಾಂಗಲ್ ಹಾಕಿದ್ದೇವೆ. ವಿಂಡೋಸ್ 10. ಹಳೇ ವೈಫೈ ರೌಟರ್ ಒಂದು ಸುಮ್ನೆ ಬಿದ್ದಿದೆ. ಅದರಿಂದ ಕೆಳಗಿನ ಟಿವಿಗೂ ಮಕ್ಕಳ ಫೋನಿಗೂ ನೆಟ್ ಕೊಡಬಹುದಾ?

ಉತ್ತರ, ಶಿರಸಿಯಿಂದ:
ಖಂಡಿತ ಕೊಡಬಹುದು. ನಮ್ಮ ಮನೆಯಲ್ಲೂ ಹೀಗೇ ನಡೆಯುತ್ತಿದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆಯಿರಿ. ಡಾಂಗಲ್ ಒಂದು ಕನೆಕ್ಷನ್, ರೌಟರಿಗೆ ಹೋಗುವ ಈಥರ್‌ನೆಟ್ ಇನ್ನೊಂದು. ಶೇರಿಂಗ್ ಆನ್ ಮಾಡಬೇಕಾದ್ದು ಡಾಂಗಲ್‌ನ ಪ್ರಾಪರ್ಟೀಸ್‌ನಲ್ಲಿ, ಈಥರ್‌ನೆಟ್‌ನಲ್ಲಿ ಅಲ್ಲ. ಅಲ್ಲೇ ಕೆಳಗೆ ಯಾವ ಕನೆಕ್ಷನ್‌ಗೆ ಕೊಡಬೇಕು ಎಂದು ಕೇಳಿದರೆ ಈಥರ್‌ನೆಟ್ ಆರಿಸಿ. ಆಮೇಲೆ ಲ್ಯಾಪ್‌ಟಾಪಿನ ಈಥರ್‌ನೆಟ್‌ಗೆ 192.168.137.1 ಎಂಬ ಐಪಿ (ನೆಟ್‌ವರ್ಕಿನಲ್ಲಿ ಸಾಧನದ ವಿಳಾಸದ ನಂಬರ್) ತಾನಾಗಿ ಬರುತ್ತದೆ. ಅದು ಬಂತು ಎಂದರೆ ಅರ್ಧ ಕೆಲಸ ಮುಗಿಯಿತು.

ಇನ್ನು ಕೇಬಲ್. ರೌಟರಿನಲ್ಲಿ ಬೇರೆ ಬಣ್ಣದ ವ್ಯಾನ್ ಪೋರ್ಟ್ (ಹೊರಗಿನ ನೆಟ್ ಒಳಬರುವ ತೂತು) ಇದ್ದರೆ ಅದಕ್ಕೇ ಚುಚ್ಚಿ, ಬ್ರೌಸರ್‌ನಲ್ಲಿ ತೆರೆಯುವ ರೌಟರಿನ ಸೆಟ್ಟಿಂಗ್ ಪುಟದಲ್ಲಿ ಡೈನಾಮಿಕ್ ಐಪಿ ಎಂದು ಆರಿಸಿ. ಇದು ಸುಲಭದ ದಾರಿ.

ಉತ್ತರ, ಮೈಸೂರಿನಿಂದ:
ಹಳೇ ರೌಟರ್ ಅಂದಿರಲ್ಲ, ಅದು ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡಿನದ್ದಾ? ಹಾಗಿದ್ದರೆ ಫೋನ್ ವೈರ್ ಚುಚ್ಚುವ ಸಣ್ಣ ತೂತು ಇರುತ್ತದೆ, ವ್ಯಾನ್ ಪೋರ್ಟ್ ಬಹಳಷ್ಟರಲ್ಲಿ ಇರುವುದಿಲ್ಲ. ಆಗ ಮನೆಯೊಳಗಿನ ಸಾಧನಗಳಿಗೆಂದು ಇರುವ ಲಾನ್ ಪೋರ್ಟಿಗೇ ಹಾಕಬೇಕು. ಇಲ್ಲೇ ಜಾಸ್ತಿ ಜನ ಸಿಕ್ಕಿಕೊಳ್ಳುವುದು. ಶೇರಿಂಗ್ ಆನ್ ಆದ ಲ್ಯಾಪ್‌ಟಾಪ್ ಎಲ್ಲರಿಗೂ ಐಪಿ ಹಂಚುತ್ತದೆ. ರೌಟರ್ ಕೂಡ ಹಂಚುತ್ತದೆ. ಒಂದೇ ಮನೆಗೆ ಇಬ್ಬರು ಯಜಮಾನರಾದರೆ ಏನಾಗುತ್ತದೋ ಅದೇ ಆಗುತ್ತದೆ: ಒಂದು ಫೋನಿಗೆ ನೆಟ್ ಬರುತ್ತದೆ, ಪಕ್ಕದ ಫೋನಿಗೆ ಬರುವುದಿಲ್ಲ.

ಆದ್ದರಿಂದ ಶೇರಿಂಗ್ ಆಫ್ ಇರುವಾಗಲೇ ರೌಟರಿನ ಪುಟಕ್ಕೆ ಹೋಗಿ, ಐಪಿ ಹಂಚುವ ಅದರ ಡಿಎಚ್‌ಸಿಪಿ ಆಫ್ ಮಾಡಿ, ಅದರ ಲಾನ್ ಐಪಿಯನ್ನು 192.168.137.2 ಎಂದು ಬದಲಿಸಿ. ವೈಫೈ ಪಾಸ್‌ವರ್ಡನ್ನೂ ಆಗಲೇ ಬದಲಿಸಿಬಿಡಿ. ಶೇರಿಂಗ್ ಆನ್ ಮಾಡಿದ ಮೇಲೆ ಆ ಹೊಸ ನಂಬರಿನಲ್ಲೇ ರೌಟರಿನ ಪುಟ ತೆರೆಯುತ್ತದೆ. ಫೋನ್ ವೈಫೈಗೆ ಸೇರಿ ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂದೇ ನಿಂತುಬಿಟ್ಟರೆ ಯಾರೂ ಐಪಿ ಕೊಡುತ್ತಿಲ್ಲ ಎಂದರ್ಥ. ಲ್ಯಾಪ್‌ಟಾಪಿನ ಶೇರಿಂಗ್ ನೋಡಿ.

ನನ್ನ ಪ್ರಕಾರ ವ್ಯಾನ್ ಪೋರ್ಟ್ ಇದ್ದರೂ ಲಾನ್ ದಾರಿಯೇ ಮೇಲು. ವೈಫೈ ಪ್ರಿಂಟರ್ ಇದ್ದರೆ ಲ್ಯಾಪ್‌ಟಾಪಿಗೆ ಅದು ಕಾಣುತ್ತದೆ. ವ್ಯಾನ್ ದಾರಿಯಲ್ಲಿ ಪ್ರಿಂಟರ್ ರೌಟರಿನ ಹಿಂದೆ ಉಳಿದು ಕಾಣದೇ ಹೋಗುತ್ತದೆ.

ಉತ್ತರ, ಮಡಿಕೇರಿಯಿಂದ:
ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ವಿಂಡೋಸ್ 10ರಲ್ಲಿ ರೀಸ್ಟಾರ್ಟ್ ಆದಮೇಲೆ ಕೆಲವೊಮ್ಮೆ ಶೇರಿಂಗ್ ಟಿಕ್ ಹಾಗೇ ಇರುತ್ತದೆ, ರೌಟರಿಗೆ ನೆಟ್ ಮಾತ್ರ ಬರುವುದಿಲ್ಲ. ರೌಟರ್ ಕೆಟ್ಟಿತು ಎಂದುಕೊಳ್ಳಬೇಡಿ. ಟಿಕ್ ತೆಗೆದು ಮತ್ತೆ ಹಾಕಿ, ಸಾಕು. ಸರ್ವಿಸಸ್‌ನಲ್ಲಿ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಅನ್ನು ಆಟೋಮ್ಯಾಟಿಕ್ ಮಾಡಿಡಿ. ಮುಚ್ಚಳ ಮುಚ್ಚಿದರೂ ಲ್ಯಾಪ್‌ಟಾಪ್ ಮಲಗದಂತೆ ಪವರ್ ಸೆಟ್ಟಿಂಗ್ ಬದಲಿಸಿ. ಡಾಂಗಲ್ ಕನೆಕ್ಷನ್‌ಗೆ ಮೀಟರ್ಡ್ (ಡೇಟಾ ಮಿತಿ ಇದೆ ಎಂದು ವಿಂಡೋಸ್‌ಗೆ ಹೇಳುವ ಸೆಟ್ಟಿಂಗ್) ಆನ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟೇ ದಿನದ ಡೇಟಾ ತಿಂದುಹಾಕುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೌಟರಿಗೆ ಇಲ್ಲ ಅಲ್ವಾ? ಸಣ್ಣ ರೌಟರ್ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ 9 ವೋಲ್ಟ್ ಇದೆಯೋ 12 ವೋಲ್ಟ್ ಇದೆಯೋ ನೋಡಿಯೇ ತನ್ನಿ.

ಉತ್ತರ, ಬೆಂಗಳೂರಿನಿಂದ:
ಎರಡು ಮೂರು ಫೋನಿಗೆ ಮಾತ್ರ ಆದರೆ ರೌಟರ್ ಬೇಡವೇ ಬೇಡ. ವಿಂಡೋಸ್‌ನಲ್ಲೇ ಮೊಬೈಲ್ ಹಾಟ್‌ಸ್ಪಾಟ್ ಇದೆ, 8 ಸಾಧನದವರೆಗೆ ಕೊಡುತ್ತದೆ. ಆದರೆ ಅಟ್ಟದಿಂದ ಕೆಳಗಿನ ಟಿವಿವರೆಗೆ ಲ್ಯಾಪ್‌ಟಾಪಿನ ವೈಫೈ ಮುಟ್ಟುವುದು ಕಷ್ಟ. ಉದ್ದ ಕೇಬಲ್ ಎಳೆದು ರೌಟರನ್ನು ಕೆಳಗೆ ಜಗಲಿಯಲ್ಲಿ ಇಡಿ. ಈಥರ್‌ನೆಟ್ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ. ಮುಂದೆ ದುಡ್ಡು ಹಾಕುವ ಮನಸ್ಸಿದ್ದರೆ ಸಿಮ್ ಹಾಕುವ 4ಜಿ ರೌಟರ್ ತಂದು ಅಟ್ಟದಲ್ಲಿ ಇಡಿ. ಆಗ ದಿನವಿಡೀ ಲ್ಯಾಪ್‌ಟಾಪ್ ಉರಿಸುವುದು ತಪ್ಪುತ್ತದೆ.