ಕ್ವಿನಿಡಿನ್ ಇಸಿಜಿಗಳಲ್ಲಿ ಕ್ಯೂಟಿಸಿ ಒಂದೊಂದು ಸಲ ಒಂದೊಂದು ಬರುತ್ತಿದೆ, ಟಿ ಅಲೆಯ ಕೊನೆ ತಪ್ಪು ಸಿಗುತ್ತಿದೆಯಾ?

ಪ್ರಶ್ನೆ:
ಔಷಧದಿಂದ ಕ್ಯೂಟಿ ಅಂತರ (ಕ್ಯೂ ಅಲೆಯ ಶುರುವಿನಿಂದ ಟಿ ಅಲೆಯ ಕೊನೆಯವರೆಗಿನ ಸಮಯ; ಬಡಿತದ ವೇಗಕ್ಕೆ ತಕ್ಕಂತೆ ತಿದ್ದಿದ್ದು ಕ್ಯೂಟಿಸಿ) ಉದ್ದವಾಗುವುದನ್ನು ಇಸಿಜಿ ನೋಡಿ ತಾನೇ ಪತ್ತೆ ಹಚ್ಚುವ ಪೈಥಾನ್ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಡೇಟಾ ಫಿಸಿಯೋನೆಟ್ ಎಂಬ ವೈದ್ಯಕೀಯ ದತ್ತಾಂಶದ ತಾಣದ್ದು. 22 ಆರೋಗ್ಯವಂತರಿಗೆ ಡೋಫೆಟಿಲೈಡ್, ಕ್ವಿನಿಡಿನ್, ರಾನೊಲಜಿನ್, ವೆರಾಪಮಿಲ್ ಮತ್ತು ಪ್ಲಾಸಿಬೊ (ಔಷಧವಿಲ್ಲದ ಹುಸಿ ಮಾತ್ರೆ) ಸರದಿಯಂತೆ ಕೊಟ್ಟು ತೆಗೆದ 10 ಸೆಕೆಂಡಿನ 12 ಲೀಡ್ (ಹೃದಯವನ್ನು 12 ಕೋನಗಳಿಂದ ನೋಡುವ) ದಾಖಲೆಗಳು.

ಪ್ಲಾಸಿಬೊ ದಾಖಲೆಗಳಲ್ಲಿ ಎಲ್ಲ ಸರಿ ಬರುತ್ತಿದೆ. ಕ್ವಿನಿಡಿನ್ ಕೊಟ್ಟ ಮೇಲಿನವು ಮಾತ್ರ ಕೈಗೆ ಸಿಗುತ್ತಿಲ್ಲ. ಒಂದೇ ಹೊತ್ತಿನಲ್ಲಿ ತೆಗೆದ ದಾಖಲೆಗಳಲ್ಲೇ ಒಂದು 420ರ ಹತ್ತಿರ ಬಂದರೆ ಇನ್ನೊಂದು 500 ಮಿಲಿಸೆಕೆಂಡ್ ದಾಟುತ್ತದೆ. ಆರ್ ಪೀಕ್‌ಗಳು (ಪ್ರತಿ ಬಡಿತದ ಚೂಪಾದ ತುದಿ) ಸರಿಯಾಗಿ ಸಿಗುತ್ತಿವೆ, ಬೇಸ್‌ಲೈನ್ ಫಿಲ್ಟರ್ ಹಾಕಿದ್ದೇನೆ. ಲೀಡ್ 2 ಒಂದನ್ನೇ ಬಳಸುತ್ತಿದ್ದೇನೆ, ಬಡಿತದ ವೇಗದ ತಿದ್ದುಪಡಿಗೆ ಬಜೆಟ್ (Bazett) ಸೂತ್ರ. ಎಲ್ಲಿ ಹುಡುಕಲಿ?

ಉತ್ತರ:
ಸಂಖ್ಯೆಗಳನ್ನು ಬದಿಗಿಟ್ಟು ಅಲೆ ನೋಡಿ. ಏರುಪೇರಾದ ದಾಖಲೆಗಳನ್ನು ಒಂದರ ಮೇಲೊಂದು ಪ್ಲಾಟ್ ಮಾಡಿ. ಟಿ ಅಲೆ ಮುಗಿಯಿತು ಅಂತ ಸ್ಕ್ರಿಪ್ಟ್ ಹೇಳುವ ಜಾಗದಲ್ಲೆಲ್ಲ ಉದ್ದ ಗೆರೆ ಎಳೆಯಿರಿ.

ಕ್ವಿನಿಡಿನ್ ಹೃದಯದ ಜೀವಕೋಶಗಳ ಹರ್ಗ್ ಪೊಟ್ಯಾಸಿಯಂ ದಾರಿಯನ್ನು ಅಡ್ಡಗಟ್ಟುತ್ತದೆ. ಬಡಿತದ ನಂತರ ಕೋಶಗಳು ಮೊದಲ ಸ್ಥಿತಿಗೆ ಮರಳುವುದು ತಡವಾಗುತ್ತದೆ. ಆಗ ಟಿ ಅಲೆ ಉದ್ದವಾಗುವುದಷ್ಟೇ ಅಲ್ಲ, ಚಪ್ಪಟೆಯಾಗುತ್ತದೆ, ನೆತ್ತಿಯ ಮೇಲೆ ಒಂದು ಕಚ್ಚು ಬೀಳುತ್ತದೆ. ಅಲ್ಲಿಗೆ ಒಂದು ಗುಡ್ಡ ಹೋಗಿ ಎರಡು ಗುಡ್ಡ. ನಿಮ್ಮದು ಸ್ಪರ್ಶರೇಖೆ ವಿಧಾನವಾಗಿದ್ದರೆ ಅದು ಅತಿ ಕಡಿದಾದ ಇಳಿಜಾರು ಹುಡುಕಿ, ಅಲ್ಲಿ ಎಳೆದ ಗೆರೆ ಬೇಸ್‌ಲೈನ್ ಮುಟ್ಟುವ ಜಾಗವನ್ನು ಟಿ ಕೊನೆ ಅನ್ನುತ್ತದೆ. ಒಂದು ದಾಖಲೆಯಲ್ಲಿ ಮೊದಲ ಗುಡ್ಡದ ಇಳಿಜಾರು, ಇನ್ನೊಂದರಲ್ಲಿ ಎರಡನೆಯದು. ಸ್ವಲ್ಪ ನಾಯ್ಸ್ ಇದ್ದರೂ ಸಾಕು, ಆಯ್ಕೆ ಅದಲುಬದಲಾಗುತ್ತದೆ.

ಇದನ್ನು ಸುಮ್ನೆ ನಾಯ್ಸ್ ಅಂತ ಬಿಡಬೇಡಿ. ಔಷಧ ಎಲ್ಲಿ ಜೋರಾಗಿ ಕೆಲಸ ಮಾಡುತ್ತದೋ ಸ್ಕ್ರಿಪ್ಟ್ ತಪ್ಪುವುದೂ ಅಲ್ಲೇ. ಪ್ಲಾಸಿಬೊದಲ್ಲಿ ಸರಿ ಬಂತು ಅಂತ ನಂಬುವ ಹಾಗಿಲ್ಲ. ಹೊಸ ಔಷಧಗಳ ಪರೀಕ್ಷೆಗಿರುವ 2005ರ ಅಂತರರಾಷ್ಟ್ರೀಯ ಇ14 ಮಾರ್ಗಸೂಚಿಯ ಲೆಕ್ಕದಲ್ಲಿ ಹೊಸ ಔಷಧವೊಂದು ಕ್ಯೂಟಿಸಿಯನ್ನು ಸರಾಸರಿ 5 ಮಿಲಿಸೆಕೆಂಡಿನ ಆಸುಪಾಸು ಏರಿಸಿದರೇ ಗಮನ ಕೊಡಬೇಕು. ಇಲ್ಲಿ ಬರೀ ಅಳತೆಯ ತಪ್ಪೇ 80 ಇದೆ ಅಲ್ವಾ?

ಒಂಟಿ ಬಡಿತ ಅಳೆಯುವುದನ್ನು ಬಿಡಿ. 10 ಸೆಕೆಂಡಿನ ಬಡಿತಗಳನ್ನೆಲ್ಲ ಆರ್ ಪೀಕ್‌ಗೆ ಹೊಂದಿಸಿ ಪ್ರತಿ ಲೀಡ್‌ಗೂ ಒಂದು ಮೀಡಿಯನ್ ಬಡಿತ ಮಾಡಿ. ಲೀಡ್ 1, ಲೀಡ್ 2 ಮತ್ತು ವಿ1ರಿಂದ ವಿ6ರವರೆಗೆ, ಒಟ್ಟು ಎಂಟನ್ನು ಸೇರಿಸಿ, ವರ್ಗಗಳ ಸರಾಸರಿಯ ವರ್ಗಮೂಲ ತೆಗೆದು ಒಂದೇ ಅಲೆ ಕಟ್ಟಿ. ಒಂದು ಲೀಡ್‌ನಲ್ಲಿ ಚಪ್ಪಟೆಯಾದ ಟಿ ಇನ್ನೊಂದರಲ್ಲಿ ಎದ್ದು ಕಾಣುತ್ತದೆ. ಎರಡು ಗುಡ್ಡ ಸಿಕ್ಕರೆ ಎರಡನೆಯದರ ಇಳಿಜಾರಿಗೇ ಸ್ಪರ್ಶರೇಖೆ ಎಳೆಯಿರಿ. ನಡುವೆ ಅಲೆ ಬೇಸ್‌ಲೈನ್‌ಗೆ ಇಳಿದು ಮತ್ತೆ ಎದ್ದಿದ್ದರೆ ಅದು ಬಹುಶಃ ಯು ಅಲೆ (ಟಿ ಆದಮೇಲೆ ಬರುವ ಸಣ್ಣ ಅಲೆ), ಸೇರಿಸಬೇಡಿ. ಇಷ್ಟಾದರೂ ಲೀಡ್‌ಗಳು ಒಂದಕ್ಕೊಂದು ಒಪ್ಪದಿದ್ದರೆ ಸ್ಕ್ರಿಪ್ಟ್ ಸಂಖ್ಯೆ ಕೊಡಲೇಬಾರದು, ‘ಕಣ್ಣಿನಿಂದ ನೋಡಿ’ ಅನ್ನಬೇಕು.

ಬಜೆಟ್ ಸೂತ್ರವನ್ನೂ ಬದಲಿಸಿ. ಹೃದಯ ನಿಮಿಷಕ್ಕೆ 100 ಸಲ ಬಡಿಯುವಾಗ ಕ್ಯೂಟಿ 360 ಇದೆ ಅನ್ನಿ. ಬಜೆಟ್ 465 ಅನ್ನುತ್ತದೆ, ಫ್ರಿಡರಿಷಿಯಾ ಎಂಬ ಇನ್ನೊಂದು ಸೂತ್ರ 427. ಅಲೆ ಒಂದೇ, ವ್ಯತ್ಯಾಸ 38. ಬಡಿತ ಜಾಸ್ತಿಯಾದಾಗ ಬಜೆಟ್ ಏರಿಸಿ ತೋರಿಸುತ್ತದೆ. ಎರಡೂ 1920ರವು, ಆದರೆ ಔಷಧದ ಕೆಲಸಕ್ಕೆ ಫ್ರಿಡರಿಷಿಯಾ ವಾಸಿ.

ಪ್ರಶ್ನೆ ಕೇಳಿದವರು:
ಪ್ಲಾಟ್ ಮಾಡಿದೆ. ನೀವು ಹೇಳಿದ ಕಚ್ಚು ಹಾಗೇ ಇದೆ, ಗೆರೆಗಳು ಒಂದು ಈ ಗುಡ್ಡದ ಮೇಲೆ, ಒಂದು ಆ ಗುಡ್ಡದ ಮೇಲೆ. ಎಂಟು ಲೀಡ್ ಸೇರಿಸಿದ ಮೇಲೆ ದಾಖಲೆಗಳು ಒಂದಕ್ಕೊಂದು ಹತ್ತಿರ ಬಂದವು. ತುಂಬಾ ಥ್ಯಾಂಕ್ಸ್! ಇನ್ನೊಂದು ಅನುಮಾನ. ವೆರಾಪಮಿಲ್ ಕೂಡ ಹರ್ಗ್ ತಡೆಯುತ್ತದೆ ಅಂತಾರೆ. ಅದರಲ್ಲಿ ಕ್ಯೂಟಿಸಿ ಏರುತ್ತಲೇ ಇಲ್ಲ. ಸ್ಕ್ರಿಪ್ಟ್‌ಗೆ ಗೊತ್ತಾಗುತ್ತಿಲ್ಲವಾ?

ಉತ್ತರ:
ಸ್ಕ್ರಿಪ್ಟ್ ಸರಿಯಾಗೇ ಹೇಳುತ್ತಿದೆ. ವೆರಾಪಮಿಲ್ ಕ್ಯಾಲ್ಸಿಯಂ ದಾರಿಯನ್ನೂ ತಡೆಯುತ್ತದೆ, ಒಂದು ಎಳೆದದ್ದನ್ನು ಇನ್ನೊಂದು ಸರಿದೂಗಿಸುತ್ತದೆ. ಇದನ್ನು ನೋಡುವುದಕ್ಕೇ ಕ್ಯೂಟಿಯನ್ನು ಎರಡು ಭಾಗ ಮಾಡುತ್ತಾರೆ: ಜೆ ಬಿಂದುವಿನಿಂದ (ಆರ್ ಇರುವ ಚೂಪಾದ ಅಲೆ ಮುಗಿಯುವ ಜಾಗ) ಟಿ ಪೀಕ್‌ವರೆಗೆ ಒಂದು, ಅಲ್ಲಿಂದ ಟಿ ಕೊನೆಯವರೆಗೆ ಇನ್ನೊಂದು. ಡೋಫೆಟಿಲೈಡ್‌ನಂತೆ ಬರೀ ಹರ್ಗ್ ತಡೆಯುವ ಔಷಧದಲ್ಲಿ ಮೊದಲ ಭಾಗವೂ ಉದ್ದವಾಗುತ್ತದೆ. ರಾನೊಲಜಿನ್‌ನಲ್ಲಿ ಕ್ಯೂಟಿ ಉದ್ದವಾದರೂ ಮೊದಲ ಭಾಗ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಯಾಕೆಂದರೆ ಅದು ತಡವಾದ ಸೋಡಿಯಂ ಪ್ರವಾಹವನ್ನೂ ತಡೆಯುತ್ತದೆ. ಒಟ್ಟು ಕ್ಯೂಟಿ ಒಂದನ್ನೇ ನೋಡಿ ಎಲ್ಲ ಔಷಧಕ್ಕೂ ಒಂದೇ ಅಪಾಯದ ಪಟ್ಟಿ ಕಟ್ಟಬೇಡಿ.

ಇನ್ನೊಬ್ಬರು:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ಆಂಟಿಬಯಾಟಿಕ್ ತಗೊಳ್ಳುತ್ತಿದ್ದೇನೆ. ನನ್ನ ವಾಚ್‌ನ ಇಸಿಜಿಯನ್ನು ಈ ಸ್ಕ್ರಿಪ್ಟ್‌ಗೆ ಹಾಕಿ ನೋಡಬಹುದಾ?

ಉತ್ತರ:
ಬೇಡ. ವಾಚ್ ಕೊಡುವುದು ಒಂದೇ ಲೀಡ್, ಟಿ ಅಲೆ ಚಪ್ಪಟೆಯಾದರೆ ಅಲ್ಲಿ ನೋಡಲು ಬೇರೆ ಲೀಡ್ ಇಲ್ಲ. ಅಪಾಯ ಬರೀ ಆ ಒಂದು ಮಾತ್ರೆಯಿಂದಲೇ ಬರಬೇಕಿಲ್ಲ. ಟರ್ಫೆನಡಿನ್ ಬರೀ ಅಲರ್ಜಿ ಮಾತ್ರೆಯಾಗಿತ್ತು. ಶಿಲೀಂಧ್ರ ಸೋಂಕಿನ ಔಷಧ ಕೀಟೊಕೊನಜೋಲ್ ಜೊತೆ ಸೇರಿದಾಗ ಯಕೃತ್ತು ಅದನ್ನು ಕರಗಿಸಲಾಗದೆ ರಕ್ತದಲ್ಲಿ ಏರುತ್ತಿತ್ತು, ಕ್ಯೂಟಿ ಉದ್ದವಾಗಿ ಹೃದಯದ ಲಯ ಕೆಡುತ್ತಿತ್ತು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಹೋಯಿತು. ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆ ಇದ್ದರೂ ಅಪಾಯ ಹೆಚ್ಚು. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ, 12 ಲೀಡ್ ಇಸಿಜಿ ಬೇಕಾ ಅಂತ ಅವರನ್ನೇ ಕೇಳಿ. ನೀವಾಗಿಯೇ ಔಷಧ ನಿಲ್ಲಿಸಬೇಡಿ. ತಲೆಸುತ್ತಿ ಬಿದ್ದರೆ ಅಥವಾ ಪ್ರಜ್ಞೆ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು:
ಟಿ ಪೀಕ್ ಅಳತೆ ಸೇರಿಸುತ್ತಿದ್ದೇನೆ. ಕಚ್ಚು ಇರುವಲ್ಲಿ ಯಾವ ಗುಡ್ಡವನ್ನು ಪೀಕ್ ಅನ್ನಲಿ?

ಉತ್ತರ:
ಮೊದಲನೆಯದನ್ನು. ಮಾತ್ರೆಗೆ ಮುಂಚಿನ ದಾಖಲೆಗೂ ನಂತರದ್ದಕ್ಕೂ ಅದೇ ನಿಯಮ ಇರಲಿ, ನಡುವೆ ಬದಲಾಯಿಸಿದರೆ ಹೋಲಿಕೆಯೇ ಕೆಟ್ಟುಹೋಗುತ್ತದೆ.