ಅಪ್‌ಡೇಟ್: ಸೋಫಾ ಮೇಲಿನ ಹುಳಿಯ ಕಲೆ ಹೋಯಿತು

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯ ಬೂದು ಬಣ್ಣದ ಬಟ್ಟೆ ಸೋಫಾ ಮೇಲೆ ಹುಳಿ ಚೆಲ್ಲಿ, ಬಟ್ಟೆ ಸೋಪು ಹಚ್ಚಿದ ಕೂಡಲೇ ಹಳದಿ ಕಲೆ ಕೆಂಪಾಯಿತು, ಏನು ಮಾಡಲಿ ಎಂದು ಕೇಳಿದ್ದೆ.

ಬಟ್ಟೆ ಹಾಳಾಗಿರಲಿಲ್ಲ. ಅರಿಶಿನಕ್ಕೆ ಕ್ಷಾರ ತಾಕಿದರೆ ಕೆಂಪೇರುತ್ತದೆ. ಆರತಿಯ ಓಕುಳಿಗೆ ಸುಣ್ಣ ಹಾಕಿದಾಗ ಆಗುವುದೂ ಇದೇ. ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ತಣ್ಣೀರು ಬೆರೆಸಿ, ಬಿಳಿ ಬಟ್ಟೆಯಲ್ಲಿ ಒತ್ತಿದಾಗ ಮತ್ತೆ ಹಳದಿಯಾಯಿತು. ಕಲೆ ಮಾತ್ರ ಹಾಗೇ ಇತ್ತು, ಏಕೆಂದರೆ ಅರಿಶಿನವನ್ನು ಹಿಡಿದಿಟ್ಟಿರುವುದು ಒಗ್ಗರಣೆಯ ಎಣ್ಣೆ. ಅದಕ್ಕೆ ಒಂದು ಲೋಟ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕದಡಿ, ನೊರೆಯನ್ನಷ್ಟೇ ಹಚ್ಚಬೇಕು. ಅಂಚಿನಿಂದ ನಡುವಿಗೆ ಒತ್ತಬೇಕು, ಉಜ್ಜಲೇಬಾರದು. ಉಜ್ಜಿದರೆ ಎಳೆ ಎದ್ದು ಕಲೆ ಹರಡುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಸೋಪಿನ ಅಂಶ ತೆಗೆಯಿರಿ, ಉಳಿದರೆ ಅಲ್ಲೇ ಧೂಳು ಕೂರುತ್ತದೆ.

ನೀರು ಸುರಿಯಬೇಡಿ. ಫೋಮ್ ಹೀರಿಕೊಂಡ ನೀರು ಒಣಗುವಾಗ ಕೊಳೆಯನ್ನು ಮೇಲಕ್ಕೆಳೆದು ಸುತ್ತ ಕಂದು ಉಂಗುರ ಮೂಡಿಸುತ್ತದೆ. ಮುಂಬೈ ಮಳೆಗಾಲದಲ್ಲಂತೂ ಮುಗ್ಗಲು ವಾಸನೆ ಖಂಡಿತ. ಫ್ಯಾನ್ ನೇರವಾಗಿ ಬೀಸುವಂತಿಡಿ.

ಉಳಿದ ತಿಳಿ ಹಳದಿಯನ್ನು ತೆಗೆದದ್ದು ಬಿಸಿಲು. ಕವರ್ ಬಿಚ್ಚಿ ಎರಡು ಮಧ್ಯಾಹ್ನ ಬಾಲ್ಕನಿಯಲ್ಲಿ ಹರವಿದೆ. ಗಾಢ ಬಣ್ಣದ ಬಟ್ಟೆಯಾದರೆ ಅದೂ ಮಾಸೀತು, ಜೋಪಾನ. ಸೋಫಾದ ಲೇಬಲ್‌ನಲ್ಲಿ ‘ಎಸ್’ (ನೀರಿಲ್ಲದ ದ್ರಾವಕ ಮಾತ್ರ) ಎಂದಷ್ಟೇ ಇದ್ದರೆ ನೀರಿನ ಯಾವ ಉಪಾಯವೂ ಬೇಡ, ಡ್ರೈಕ್ಲೀನ್‌ನವರಿಗೇ ಕೊಡಿ.